ಖಾಸಗಿ ಶಾಲೆಗಳನ್ನು ಮುಚ್ಚಿದರೆ ನಮ್ಮ ಭಾಗದ ಸರ್ಕಾರಿ ಶಾಲೆ ಉಳಿಯುತ್ತದೆಯೇ?

ನಿವೃತ್ತ ಮುಖ್ಯಗುರು, ಚಿಂಚೋಳಿ ತಾಲ್ಲೂಕು

ಒಂದು ಲೆಕ್ಕದಿಂದ ಆರಂಭಿಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಇರಬೇಕು. ನಾನು ಸೇವೆಯ ಕೊನೆಯ ವರ್ಷಗಳನ್ನು ಕಳೆದ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 64 ಮಕ್ಕಳಿದ್ದರು, ಶಿಕ್ಷಕರು ಮೂವರಿದ್ದೆವು. ಒಬ್ಬರು ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯನ್ನು ಒಟ್ಟಿಗೆ ನೋಡಿಕೊಂಡರೆ, ಇನ್ನೊಬ್ಬರು ನಾಲ್ಕನೆಯದನ್ನೂ ನಾನು ಐದನೆಯದನ್ನೂ ತೆಗೆದುಕೊಳ್ಳುತ್ತಿದ್ದೆವು. ಒಂದು ವರ್ಷ ಜೂನ್ ತಿಂಗಳಲ್ಲಿ ಆರು ಮಕ್ಕಳ ಟಿಸಿಗೆ ಸಹಿ ಹಾಕಿದೆ. ಪಕ್ಕದ ದೊಡ್ಡ ಊರಿನಲ್ಲಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ ಆರಂಭವಾಗಿತ್ತು, ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ಒಯ್ಯುವ ಟಂಟಂ ಆಟೊ ಬಂದು ನಮ್ಮೂರ ಅಗಸೆ ಬಾಗಿಲಿನ ಮುಂದೆ ನಿಲ್ಲುತ್ತಿತ್ತು. ದಾಖಲಾತಿ 58ಕ್ಕೆ ಇಳಿಯಿತು. ಮುಂದಿನ ಮರುಹಂಚಿಕೆಯಲ್ಲಿ ನಮ್ಮ ಮೂರನೆಯ ಶಿಕ್ಷಕಿ 'ಹೆಚ್ಚುವರಿ' ಎಂದು ಬೇರೆಡೆಗೆ ಹೋದರು.

ಆ ದಿನದಿಂದ ನಾಲ್ಕು ಮತ್ತು ಐದನೆಯ ತರಗತಿ ಎರಡೂ ನನ್ನ ಪಾಲಿಗೆ ಬಂದವು. ಅದರ ಜೊತೆಗೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ದಾಖಲೆ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಸಭೆಗಳು ಇದ್ದೇ ಇದ್ದವು. ನಾನು ಸಭೆಗೆ ಹೋದ ದಿನ ಆ ಎರಡು ತರಗತಿಗಳಿಗೆ ಗುರುವೇ ಇರುತ್ತಿರಲಿಲ್ಲ. ಇದನ್ನು ಕಂಡ ಮತ್ತಷ್ಟು ತಂದೆ ತಾಯಿ ಮುಂದಿನ ಜೂನ್‌ನಲ್ಲಿ ಟಿಸಿ ಕೇಳಲು ಬಂದರು, ಮತ್ತು ಅವರು ಕೇಳಿದ್ದು ತಪ್ಪೆಂದು ಹೇಳುವ ಬಾಯಿ ನನಗಿರಲಿಲ್ಲ.

ಖಾಸಗಿ ಶಾಲೆಗೆ ಶುಲ್ಕ ಕಟ್ಟುವುದು ಆಯಾ ಮನೆಯ ಸ್ವಂತ ವಿಚಾರ ಎಂಬ ಮಾತನ್ನು ನಾನು ಒಪ್ಪದಿರಲು ಇದೇ ಕಾರಣ. ಆರು ಮಕ್ಕಳು ಹೊರಗೆ ಹೋದರೆ ಉಳಿದ 58 ಮಕ್ಕಳ ಶಿಕ್ಷಕಿ ಹೋಗುತ್ತಾರೆ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಬಡವರ ಮತ್ತು ಉಳ್ಳವರ ಮಕ್ಕಳು ಒಂದೇ ನೆರೆಹೊರೆಯ ಶಾಲೆಯಲ್ಲಿ ಕಲಿಯುವ ಸಮಾನ ಶಾಲಾ ವ್ಯವಸ್ಥೆಯನ್ನು ಶಿಫಾರಸು ಮಾಡಿತ್ತು. ಆ ಶಿಫಾರಸು ಇಂದಿಗೂ ಕಡತದಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಂದ ಶುಲ್ಕ ಪಡೆಯುವ ಶಾಲೆಗಳನ್ನು ಹಂತ ಹಂತವಾಗಿ ಕೊನೆಗಾಣಿಸಬೇಕು, ಮತ್ತು ಆ ಕೆಲಸ ಕಲ್ಯಾಣ ಕರ್ನಾಟಕದಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ. ಫಿನ್ಲೆಂಡ್ ದೇಶವು ಎಲ್ಲ ಮಕ್ಕಳಿಗೂ ಒಂದೇ ಬಗೆಯ ಶಾಲೆಯನ್ನು ತಂದಾಗ ರಾಜಧಾನಿಯಿಂದ ಆರಂಭಿಸಲಿಲ್ಲ. 1972ರಲ್ಲಿ ಉತ್ತರದ ಹಿಂದುಳಿದ ಲ್ಯಾಪ್‌ಲ್ಯಾಂಡ್ ಪ್ರಾಂತದಿಂದ ಹೊರಟು, ಕೆಲವು ವರ್ಷಗಳ ನಂತರ ಕೊನೆಯದಾಗಿ ಹೆಲ್ಸಿಂಕಿಯ ಕಡೆಗೆ ಬಂದಿತು. ಅಷ್ಟು ದೂರವೇಕೆ, ನಮ್ಮ ಅಕ್ಷರ ದಾಸೋಹವೇ 2002ರಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ ಒಲೆ ಹೊತ್ತಿಸಿ, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು.

ಇದನ್ನು ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಬೇಕು.

ಇಬ್ಬರು ಮಕ್ಕಳ ತಾಯಿ, ಕಲಬುರಗಿ ನಗರ

ಗುರುಗಳಿಗೆ ನಮಸ್ಕಾರ. ನಿಮ್ಮ ಲೆಕ್ಕದಲ್ಲಿ ಟಿಸಿ ತೆಗೆದುಕೊಂಡು ಹೋದ ಆರು ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು ಎಂದು ತಿಳಿದು ಓದಿ. ನಮ್ಮೂರು ನಿಮ್ಮ ತಾಲ್ಲೂಕಲ್ಲ, ಆಳಂದದ ಕಡೆಯದು. ಆದರೆ ಕಥೆ ಅದೇ.

ನನ್ನ ಮಗಳು ಮೂರನೆಯ ತರಗತಿಯಲ್ಲಿದ್ದಾಗ ಊರ ಶಾಲೆಯಲ್ಲಿ ಐದು ತರಗತಿಗಳಿಗೆ ಒಬ್ಬರೇ ಕಾಯಂ ಶಿಕ್ಷಕರಿದ್ದರು. ಅತಿಥಿ ಶಿಕ್ಷಕಿಯ ನೇಮಕ ಆಗುವ ಹೊತ್ತಿಗೆ ಮಳೆಗಾಲ ಮುಗಿಯುತ್ತಿತ್ತು. ಒಂದು ದಿನ ಮಗಳು ಮಧ್ಯಾಹ್ನವೇ ಮನೆಗೆ ಬಂದು, "ಸಾಲ್ಯಾಗ ಇವತ್ತ ಮಾಸ್ತರ್ ಇಲ್ಲವ್ವಾ, ಊಟ ಮಾಡಿ ಹೋಗ್ರಿ ಅಂದ್ರು" ಎಂದಳು. ಆ ವಾರ ಅದೇ ಮಾತನ್ನು ಮೂರು ಸಲ ಕೇಳಿದೆ. ಮುಂದಿನ ವರ್ಷ ನಾವು ಊರು ಬಿಟ್ಟು ಕಲಬುರಗಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ನನ್ನ ಮನೆಯವರು ತೊಗರಿ ರಾಶಿಯ ಸಮಯಕ್ಕೆ ಊರಿಗೆ ಹೋಗಿ ಬರುತ್ತಾರೆ. ನಾನು ಬಟ್ಟೆ ಹೊಲಿದು ಶುಲ್ಕ ಕಟ್ಟುತ್ತೇನೆ.

ನಾನು ಕೇಳುವುದು ಇಷ್ಟೇ. ನಾವು ಹೋದದ್ದರಿಂದ ಶಿಕ್ಷಕರು ಹೋದರು ಎನ್ನುತ್ತೀರಿ, ಆದರೆ ನಮ್ಮೂರಲ್ಲಿ ಶಿಕ್ಷಕರು ಹೋದ ನಂತರ ನಾವು ಹೋದೆವು. ಖಾಸಗಿ ಶಾಲೆಯ ಬಾಗಿಲು ಮುಚ್ಚಿಸಿ ನನ್ನ ಮಗಳನ್ನು ಅದೇ ಶಿಕ್ಷಕರಿಲ್ಲದ ಕೋಣೆಗೆ ಕಳಿಸಿದರೆ ಸಮಾನತೆ ಬಂತೆಂದು ಹೇಳಬಹುದೇ? ಇನ್ನೊಂದು ಮಾತನ್ನು ಗೌರವದಿಂದಲೇ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮಕ್ಕಳು ಎಲ್ಲಿ ಓದಿದರು?

ವಕೀಲ, ಕಲಬುರಗಿ

ಮುಖ್ಯಗುರುಗಳ ಪ್ರಸ್ತಾಪದ ಉದ್ದೇಶವನ್ನು ಗೌರವಿಸುತ್ತಲೇ ಕಾನೂನಿನ ಸ್ಥಿತಿಯನ್ನು ಹೇಳುವುದು ನನ್ನ ಕರ್ತವ್ಯ, ಏಕೆಂದರೆ ಆಗದ ಬೇಡಿಕೆಯ ಹಿಂದೆ ಹೋಗಿ ಆಗುವ ಬೇಡಿಕೆಯನ್ನು ಕಳೆದುಕೊಳ್ಳಬಾರದು.

ಈ ವಿಷಯದ ದೊಡ್ಡ ತೀರ್ಪುಗಳಲ್ಲಿ ಹಲವು ನಮ್ಮ ರಾಜ್ಯದಿಂದಲೇ ಹೋದವು. ಕ್ಯಾಪಿಟೇಶನ್ ಶುಲ್ಕದ, ಅಂದರೆ ಸೀಟಿಗಾಗಿ ವಸೂಲಿ ಮಾಡುವ ವಂತಿಗೆಯ ವಿರುದ್ಧ 1992ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮೋಹಿನಿ ಜೈನ್ ತೀರ್ಪು ಕರ್ನಾಟಕದ ಪ್ರಕರಣ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ನಡೆಸುವುದು ಸಂವಿಧಾನದ 19(1)(ಜಿ) ವಿಧಿಯ ಅಡಿಯಲ್ಲಿ ವೃತ್ತಿಯ ಹಕ್ಕಿಗೆ ಸೇರುತ್ತದೆ ಎಂದಿತು. ಅದೇ ತೀರ್ಪು ಲಾಭಕೋರತನಕ್ಕೂ ಕ್ಯಾಪಿಟೇಶನ್ ಶುಲ್ಕಕ್ಕೂ ಅವಕಾಶವಿಲ್ಲ ಎಂದೂ ಹೇಳಿದೆ. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ 30ನೆಯ ವಿಧಿಯ ಪ್ರತ್ಯೇಕ ರಕ್ಷಣೆ ಇದೆ. ಬೋಧನಾ ಮಾಧ್ಯಮದ ವಿಷಯದಲ್ಲೂ ರಾಜ್ಯ ಸರ್ಕಾರ 2014ರಲ್ಲಿ ಸೋತಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸಂವಿಧಾನ ಪೀಠ ತೀರ್ಮಾನಿಸಿತು. ಆದ್ದರಿಂದ ಖಾಸಗಿ ಶಾಲೆಗಳನ್ನು ಸಾರಾಸಗಟಾಗಿ ರದ್ದು ಮಾಡುವ ಶಾಸನವನ್ನು ವಿಧಾನಸಭೆ ಇಂದು ಅಂಗೀಕರಿಸಿದರೂ ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಆದರೆ ನಿಯಂತ್ರಣದ ಅಧಿಕಾರ ಸರ್ಕಾರಕ್ಕೆ ಸಾಕಷ್ಟಿದೆ. ಶುಲ್ಕ, ಶಿಕ್ಷಕರ ಅರ್ಹತೆ, ಪ್ರವೇಶದ ವಿಧಾನ, ಇವೆಲ್ಲ ಅದರ ಕೈಯಲ್ಲಿವೆ. ಅನುದಾನರಹಿತ ಖಾಸಗಿ ಶಾಲೆಗಳ ಆರಂಭಿಕ ತರಗತಿಯಲ್ಲಿ ಕನಿಷ್ಠ 25 ಶೇಕಡಾ ಸೀಟು ದುರ್ಬಲ ವರ್ಗದ ಮಕ್ಕಳಿಗೆ ಎಂಬ ನಿಯಮವನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದದ್ದನ್ನು ಮರೆಯಬಾರದು.

ಆರ್‌ಟಿಇ ಸೀಟಿನ ವಿದ್ಯಾರ್ಥಿಯ ತಂದೆ, ಕಲಬುರಗಿ

ವಕೀಲರು ಹೇಳಿದ ಆ 25 ಶೇಕಡಾ ಸೀಟಿನಲ್ಲಿ ನನ್ನ ಮಗ ಓದಿದ. ಲಾಟರಿಯಲ್ಲಿ ಹೆಸರು ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಎಂಟನೆಯ ತರಗತಿ ಮುಗಿಯುವವರೆಗೆ ಶುಲ್ಕದ ಚಿಂತೆ ಇರಲಿಲ್ಲ. ಒಂಬತ್ತನೆಯ ತರಗತಿಗೆ ಹೋಗುವಾಗ ಶಾಲೆಯವರು ಕರೆದು, ಇನ್ನು ಮುಂದೆ ಎಲ್ಲರಂತೆ ಪೂರ್ತಿ ಶುಲ್ಕ ಕಟ್ಟಬೇಕು ಎಂದರು. ಕಾಯ್ದೆ ಹದಿನಾಲ್ಕು ವರ್ಷಕ್ಕೆ ನಿಲ್ಲುತ್ತದೆ ಎಂಬುದು ಅಂದೇ ನನಗೆ ಗೊತ್ತಾದದ್ದು. ಹತ್ತು ವರ್ಷ ಜೊತೆಗೆ ಕೂತ ಗೆಳೆಯರನ್ನು ಬಿಟ್ಟು ನನ್ನ ಮಗ ಒಬ್ಬನೇ ಸರ್ಕಾರಿ ಪ್ರೌಢಶಾಲೆಗೆ ಸೇರಿದ. ಅಲ್ಲಿ ಗಣಿತದ ಶಿಕ್ಷಕಿ ಅವನನ್ನು ಬಹಳ ಚೆನ್ನಾಗಿ ನೋಡಿಕೊಂಡರು ಎಂಬುದನ್ನೂ ಹೇಳಲೇಬೇಕು.

2019ರಲ್ಲಿ ನಿಯಮ ಬದಲಾಗಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲವೆಂದಾಯಿತು. ಸರ್ಕಾರಿ ಶಾಲೆ ಉಳಿಯಲಿ ಎಂಬುದು ಅದರ ಕಾರಣವಂತೆ. ಹಣವಿದ್ದವರ ಮಕ್ಕಳು ಮೊದಲಿನಂತೆಯೇ ಹೋಗುತ್ತಿದ್ದಾರೆ, ನಮ್ಮಂಥವರ ಮಕ್ಕಳಿಗೆ ಮಾತ್ರ ಬಾಗಿಲು ಮುಚ್ಚಿತು. ಖಾಸಗಿ ಶಾಲೆಯನ್ನು ಅರ್ಧ ಮುಚ್ಚಿದರೆ ಬಡವರ ಅರ್ಧವೇ ಮುಚ್ಚುತ್ತದೆ ಎಂಬುದು ನಾನು ಕಂಡ ಸತ್ಯ.

ಓದುಗ, ಭಾಲ್ಕಿ

ರದ್ದತಿಯ ಮಾತನ್ನು ಬೀದರ್ ಜಿಲ್ಲೆಯ ನೆಲದ ಮೇಲೆ ನಿಂತು ಒಪ್ಪಿಕೊಳ್ಳುವುದು ನನಗೆ ಕಷ್ಟ. ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಜಾಮರ ಆಳ್ವಿಕೆಯಲ್ಲಿ ಇಲ್ಲಿನ ಸರ್ಕಾರಿ ಶಾಲೆಯ ಭಾಷೆ ಉರ್ದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ಮರಾಠಿ, ಸರ್ಕಾರಿ ಕಾಗದದಲ್ಲಿ ಮಾತ್ರ ಕನ್ನಡವಿಲ್ಲ. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಗಡಿಯ ಈ ತುದಿಯಲ್ಲಿ ಕನ್ನಡದ ಅಕ್ಷರ ಉಳಿದದ್ದು ಆ ಫಲಕದ ಹಿಂದೆ. ಕಲಬುರಗಿಯಲ್ಲೂ ನೂತನ ವಿದ್ಯಾಲಯದಂಥ ಸಂಸ್ಥೆಗಳು ಹುಟ್ಟಿದ್ದು ಜನರ ಚಂದಾ ಹಣದಿಂದ, ಜನರ ಹಟದಿಂದ. ಶರಣಬಸವೇಶ್ವರ ಸಂಸ್ಥಾನ ದಾಸೋಹದ ಜೊತೆಗೆ ಹೆಣ್ಣುಮಕ್ಕಳಿಗೆ ವಿದ್ಯೆಯನ್ನೂ ಕೊಟ್ಟಿತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಎಂಜಿನಿಯರಿಂಗ್ ಕಾಲೇಜು ತೆರೆಯದಿದ್ದರೆ ನಮ್ಮ ಭಾಗದ ಆ ಕಾಲದ ಹುಡುಗರು ಎಲ್ಲಿಗೆ ಹೋಗಬೇಕಿತ್ತು? ಇನ್ನೂ ಹಿಂದೆ ಹೋದರೆ, ಬೀದರ್ ನಗರದ ಮಧ್ಯದಲ್ಲಿ ಅರ್ಧ ಉಳಿದು ನಿಂತಿರುವ 1472ರ ಮದರಸಾ ಮಹಮೂದ್ ಗಾವಾನ್ ಎಂಬ ಒಬ್ಬ ಮಂತ್ರಿಯ ಆಸಕ್ತಿಯಿಂದ ಎದ್ದದ್ದು.

ಎಲ್ಲ ಶಾಲೆಗಳೂ ಸರ್ಕಾರದ ಕೈಯಲ್ಲೇ ಇರಬೇಕು ಎಂಬ ಕಾನೂನು 1930ರಲ್ಲಿ ಇದ್ದು ಅದು ಕಟ್ಟುನಿಟ್ಟಾಗಿ ಜಾರಿಯಾಗಿದ್ದರೆ, ನಾನು ಈಗ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೆನೇ ಎಂದು ಯೋಚಿಸುತ್ತೇನೆ. ಸರ್ಕಾರ ಯಾವಾಗಲೂ ನಮ್ಮದೇ ಆಗಿರುತ್ತದೆ, ನಮ್ಮ ಭಾಷೆಯನ್ನೇ ಆಡುತ್ತದೆ ಎಂಬ ನಂಬಿಕೆ ಈ ಭಾಗದ ಇತಿಹಾಸಕ್ಕೆ ಹೊಂದುವುದಿಲ್ಲ. ಪಾಕಿಸ್ತಾನದಲ್ಲಿ 1972ರಲ್ಲಿ ಖಾಸಗಿ ಶಾಲಾ ಕಾಲೇಜುಗಳನ್ನು ರಾಷ್ಟ್ರೀಕರಣ ಮಾಡಿದರು, ಮುಂದಿನ ಸರ್ಕಾರ ಅದೇ ನೀತಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಒಂದು ಆದೇಶದಿಂದ ತಂದದ್ದು ಇನ್ನೊಂದು ಆದೇಶದಿಂದ ಹೋಗುತ್ತದೆ.

ಪ್ರೌಢಶಾಲಾ ಶಿಕ್ಷಕಿ, ಉರ್ದು ಮಾಧ್ಯಮ, ಕಲಬುರಗಿ

ಭಾಲ್ಕಿಯ ಅಣ್ಣನವರು ಉರ್ದುವಿನ ಬಗ್ಗೆ ಹೇಳಿದ್ದು ಇತಿಹಾಸ, ಅದನ್ನು ಅಲ್ಲಗಳೆಯುವುದಿಲ್ಲ. ಅದೇ ತರ್ಕವನ್ನು ಇಂದಿಗೆ ತಂದರೆ, ಇಂದು ಸಣ್ಣದಾಗುತ್ತಿರುವುದು ಉರ್ದು ಮಾಧ್ಯಮದ, ಔರಾದ್ ಕಡೆಯ ಮರಾಠಿ ಮಾಧ್ಯಮದ, ಗುರುಮಠಕಲ್ ಕಡೆಯ ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳು. ಒಂದೇ ಬಗೆಯ ಶಾಲೆ ಎಂದಾಗ ಒಂದೇ ಭಾಷೆಯ ಶಾಲೆ ಎಂದು ಅರ್ಥವಾಗಬಾರದು. ಇಷ್ಟನ್ನು ಬರಹದಲ್ಲಿ ಖಚಿತಪಡಿಸಿದರೆ ನಾನು ಮುಖ್ಯಗುರುಗಳ ಪಕ್ಷ.

ನಿವೃತ್ತ ಮುಖ್ಯಗುರು, ಚಿಂಚೋಳಿ ತಾಲ್ಲೂಕು

ಎಲ್ಲರಿಗೂ ಉತ್ತರ ಕೊಡಬೇಕು. ನನ್ನ ಮಕ್ಕಳು ಎಲ್ಲಿ ಓದಿದರು ಎಂಬ ಕಲಬುರಗಿಯ ತಂಗಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಉಳಿದದ್ದಕ್ಕೆಲ್ಲ ಅದೇ ತಳಹದಿ.

ನನ್ನ ಮಗಳು ಐದನೆಯ ತರಗತಿಯವರೆಗೆ ನನ್ನದೇ ಶಾಲೆಯಲ್ಲಿ, ನಾನು ಕಲಿಸುವ ಕೋಣೆಯಲ್ಲೇ ಓದಿದಳು. ಆರನೆಯ ತರಗತಿಗೆ ನಮ್ಮೂರಿನ ಮಕ್ಕಳು ಮೂರು ಕಿಲೋಮೀಟರ್ ದೂರದ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದರು. ಅಲ್ಲಿ ವಿಜ್ಞಾನ ಮತ್ತು ಗಣಿತದ ಹುದ್ದೆ ಖಾಲಿ ಇತ್ತು. ನಾನು ಮಗಳನ್ನು ಅಲ್ಲಿಗೆ ಕಳಿಸದೆ ನಗರದಲ್ಲಿ ಅವಳ ಅತ್ತೆಯ ಮನೆಯಲ್ಲಿ ಬಿಟ್ಟು ಅನುದಾನಿತ ಖಾಸಗಿ ಶಾಲೆಗೆ ಸೇರಿಸಿದೆ. ಹಾಗೆ ಮಾಡುವಾಗ ಇದು ನನ್ನ ಮನೆಯ ವಿಚಾರ ಎಂದೇ ತಿಳಿದಿದ್ದೆ. ಅದೇ ತಿಂಗಳು ಊರಿನ ಇನ್ನೆರಡು ಮನೆಯವರು, ಕಿರಾಣಿ ಅಂಗಡಿಯವರು ಮತ್ತು ಗ್ರಾಮ ಪಂಚಾಯಿತಿಯ ಒಬ್ಬ ಸದಸ್ಯರು, ತಮ್ಮ ಮಕ್ಕಳನ್ನು ಕಳಿಸಿದರು. "ಮಾಸ್ತರ್ರೇ ತಮ್ಮ ಮಗಳನ್ನ ಕಳಿಸ್ಯಾರ ಅಂದ್ರ ಏನೋ ತಿಳದೇ ಕಳಿಸಿರ್ತಾರ" ಎಂಬ ಮಾತು ನನ್ನ ಕಿವಿಗೂ ಬಿತ್ತು. ಆ ಹಿರಿಯ ಶಾಲೆಯ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಬಿಇಒ ಕಚೇರಿಗೆ ಹೋಗಿ ಗಟ್ಟಿಯಾಗಿ ಕೇಳಬಲ್ಲವರು ನಾವು ಮೂರೇ ಮನೆಯವರಾಗಿದ್ದೆವು. ನಾವು ಮೂವರೂ ಹೋದ ಮೇಲೆ ಆ ಗಣಿತದ ಹುದ್ದೆಗಾಗಿ ಅರ್ಜಿ ಹಿಡಿದು ಹೋದವರು ಯಾರೂ ಇಲ್ಲ. ಇಂದಿಗೂ ನನ್ನನ್ನು ಕಾಡುವ ವಿಷಯ ಇದು.

ಖಾಸಗಿ ಶಾಲೆಯನ್ನು ರದ್ದು ಮಾಡಬೇಕು ಎಂದು ನಾನು ಬರೆದದ್ದರ ಹಿಂದೆ ಆ ಮೂರು ಮನೆಗಳ ನೆನಪಿದೆ. ಪ್ರಶ್ನಿಸುವ ಶಕ್ತಿಯುಳ್ಳವರು ಶಾಲೆಯೊಳಗೆ ಉಳಿಯಬೇಕು ಎಂಬುದೇ ನನ್ನ ಆಸೆ. ಆದರೆ ಭಾಲ್ಕಿಯವರ ಮಾತನ್ನು ಓದಿದ ಮೇಲೆ ರದ್ದತಿ ಎಂಬ ಪದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪಟ್ಟದ್ದೇವರ ಶಾಲೆಯನ್ನು ಮುಚ್ಚಿಸಬಲ್ಲ ಕಾನೂನನ್ನು ನಾನು ಕೇಳಲಾರೆ. ಫಿನ್ಲೆಂಡ್‌ನಲ್ಲೂ ಖಾಸಗಿ ಸಂಸ್ಥೆಗಳು ನಡೆಸುವ ಶಾಲೆಗಳಿವೆ. ಮೂಲ ಶಿಕ್ಷಣಕ್ಕೆ ಅವು ಶುಲ್ಕ ಪಡೆಯುವಂತಿಲ್ಲ, ವೆಚ್ಚವನ್ನು ಸರ್ಕಾರ ಕೊಡುತ್ತದೆ. ನಡೆಸುವವರು ಮಠದವರಾಗಲಿ, ಸಂಘದವರಾಗಲಿ, ಸರ್ಕಾರವಾಗಲಿ. ಎಂಟನೆಯ ತರಗತಿಯವರೆಗೆ ಮಗುವಿನಿಂದ ಹಣ ಪಡೆಯಬಾರದು, ಮಗುವನ್ನು ಆರಿಸಬಾರದು. ನನ್ನ ನಿಲುವು ಈಗ ಇಷ್ಟಕ್ಕೆ ಬಂದಿದೆ.

ಖಾಸಗಿ ಶಾಲೆಯ ಶಿಕ್ಷಕಿ, ಬೀದರ್

ಮುಖ್ಯಗುರುಗಳು ಹೇಳುವ ವ್ಯವಸ್ಥೆ ಅನುದಾನಿತ ಶಾಲೆಯ ಹೆಸರಿನಲ್ಲಿ ನಮ್ಮಲ್ಲಿ ಇತ್ತು. ಅದನ್ನು ಬೆಳೆಸದೆ ನಿಲ್ಲಿಸಿದ್ದೇ ಸರ್ಕಾರ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮದ ಶಾಲೆಗಳಿಗೂ ಅನುದಾನ ಕೊಡಿ ಎಂಬ ಬೇಡಿಕೆ ಎಷ್ಟು ಹಳೆಯದೆಂದರೆ, ಅದಕ್ಕಾಗಿ ಧರಣಿ ಕುಳಿತವರಲ್ಲಿ ಕೆಲವರು ನಿವೃತ್ತಿಯ ವಯಸ್ಸಿಗೇ ಬಂದರು. ಅನುದಾನ ಸಿಗದ ಸಂಸ್ಥೆಗಳು ಏನು ಮಾಡಿದವು? ಕನ್ನಡ ಮಾಧ್ಯಮವನ್ನು ಬಿಟ್ಟು ಫಲಕ ಬದಲಿಸಿ ಇಂಗ್ಲಿಷ್ ಮಾಧ್ಯಮ ಎಂದವು, ಏಕೆಂದರೆ ಶುಲ್ಕ ಕಟ್ಟುವವರು ಅದಕ್ಕೆ ಮಾತ್ರ ಕಟ್ಟುತ್ತಾರೆ.

ನಾನು ಬಿ.ಎಡ್. ಮುಗಿಸಿ ಅಂಥದೊಂದು ಶಾಲೆಯಲ್ಲಿ ಏಳು ವರ್ಷದಿಂದ ಕಲಿಸುತ್ತಿದ್ದೇನೆ. ವರ್ಷಕ್ಕೆ ಹತ್ತು ತಿಂಗಳ ಸಂಬಳ ಬರುತ್ತದೆ, ಏಪ್ರಿಲ್ ಮೇ ತಿಂಗಳು ಇಲ್ಲ. ಆ ಎರಡು ತಿಂಗಳಲ್ಲಿ ಊರೂರು ತಿರುಗಿ ಹೊಸ ಮಕ್ಕಳನ್ನು ಸೇರಿಸಿಕೊಂಡು ಬರುವ ಕೆಲಸ ಮಾತ್ರ ಇರುತ್ತದೆ. ಪಾಠವನ್ನು ಇಂಗ್ಲಿಷಿನಲ್ಲಿ ಓದಿ, ಅರ್ಥವನ್ನು ಕನ್ನಡದಲ್ಲಿ ಹೇಳಿ, ಉತ್ತರವನ್ನು ಹಲಗೆಯ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ತಂದೆ ತಾಯಿ ಅದನ್ನೇ ಇಂಗ್ಲಿಷ್ ಎಂದು ನಂಬಿ ಎಮ್ಮೆ ಮಾರಿದ ಹಣ ಕಟ್ಟುತ್ತಾರೆ. ಈ ಮಾತನ್ನು ಹೆಸರು ಹಾಕಿ ಹೇಳುವ ಧೈರ್ಯ ನನಗಿಲ್ಲ.

ಖಾಸಗಿ ಶಾಲೆ ಎಂದರೆ ಎಲ್ಲವೂ ಒಂದೇ ಎಂದು ದಯವಿಟ್ಟು ತಿಳಿಯಬೇಡಿ. ನಗರದ ದೊಡ್ಡ ಶಾಲೆಗಳು ನಿಮ್ಮ ಯಾವ ಕಾನೂನಿಗೂ ಅಲುಗಾಡುವುದಿಲ್ಲ. ಮೊದಲು ಮುಚ್ಚುವುದು ನಮ್ಮಂಥ ತಗಡಿನ ಶಾಲೆಗಳು, ಬೀದಿಗೆ ಬರುವವರು ನಮ್ಮಂಥವರು. ಅತ್ತ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿಯಾದರೂ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು, ಅದೂ ವರ್ಷ ವರ್ಷದ ಭರವಸೆಯಿಲ್ಲದ ಕೆಲಸ. ಶಾಲೆಗಳನ್ನು ಒಂದು ಮಾಡುವುದಾದರೆ ಅರ್ಹತೆಯುಳ್ಳ ನಮ್ಮನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ನಿಮ್ಮಲ್ಲಿ ಖಾಲಿ ಹುದ್ದೆಗಳಿವೆ, ನಮ್ಮಲ್ಲಿ ಖಾಲಿ ಕೈಗಳಿವೆ.

ಪದವಿ ವಿದ್ಯಾರ್ಥಿ, ಯಾದಗಿರಿ ಜಿಲ್ಲೆಯ ಒಂದು ತಾಂಡಾ

ಇಲ್ಲಿಯವರೆಗೆ ಬರೆದ ಎಲ್ಲರೂ ಯಾವುದಾದರೂ ಒಂದು ಶಾಲೆಯಲ್ಲಿ ಇರುವ ಮಕ್ಕಳ ಬಗ್ಗೆ ಬರೆದಿದ್ದೀರಿ. ನಮ್ಮ ತಾಂಡಾದ ಮಕ್ಕಳು ಹಾಜರಿ ಪುಸ್ತಕದಲ್ಲಿ ಸರ್ಕಾರಿ ಶಾಲೆಯಲ್ಲಿರುತ್ತಾರೆ, ಆದರೆ ದಸರೆ ಕಳೆದ ಮೇಲೆ ಹತ್ತಿ ಹೊಲದಲ್ಲಿರುತ್ತಾರೆ. ಹತ್ತಿ ಬಿಡಿಸಲು ಸಣ್ಣ ಬೆರಳುಗಳೇ ಬೇಕು ಎನ್ನುವವರಿದ್ದಾರೆ. ದೀಪಾವಳಿ ಮುಗಿದರೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ನಾನು ಎರಡು ವರ್ಷ ಹಾಗೆ ಹೋಗಿದ್ದೆ. ಯುಗಾದಿಗೆ ಮರಳಿ ಬಂದಾಗ ನನ್ನ ಹೆಸರು ಹಾಜರಿಯಲ್ಲಿ ಉಳಿದಿತ್ತು, ಆದರೆ ಪಾಠ ಭಾಗಾಕಾರ ದಾಟಿ ಭಿನ್ನರಾಶಿಗೆ ಹೋಗಿತ್ತು. ನನಗೆ ಭಾಗಾಕಾರ ಬಂದದ್ದು ಪಿಯುಸಿಯಲ್ಲಿ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ 75.36 ಶೇಕಡಾ ಇದ್ದಾಗ ಯಾದಗಿರಿಯದು 51.83 ಶೇಕಡಾ, ರಾಜ್ಯದಲ್ಲೇ ಕನಿಷ್ಠ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ 50.59 ಶೇಕಡಾದೊಂದಿಗೆ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಕಲಬುರಗಿ 42.43 ಶೇಕಡಾದೊಂದಿಗೆ ಆ ಸ್ಥಾನಕ್ಕೆ ಬಂದಿತು. ಫಲಿತಾಂಶ ಬಂದ ವಾರ ಪತ್ರಿಕೆಗಳಲ್ಲಿ ನಮ್ಮ ಜಿಲ್ಲೆಗಳ ಹೆಸರು ಬರುತ್ತದೆ, ಆಮೇಲೆ ಮುಂದಿನ ಮೇ ತಿಂಗಳವರೆಗೆ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ವಿಷಯವನ್ನು ಮುಖ್ಯಗುರುಗಳು ಬಿಟ್ಟಿದ್ದಾರೆ. ಚುರುಕಾದ ಮಕ್ಕಳನ್ನು ಊರ ಶಾಲೆಯಿಂದ ಎತ್ತಿಕೊಂಡು ಹೋಗುವುದು ಖಾಸಗಿಯವರು ಮಾತ್ರವಲ್ಲ. ನವೋದಯಕ್ಕೆ ಒಂದು ಪರೀಕ್ಷೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಒಂದು ಪರೀಕ್ಷೆ, ಆದರ್ಶ ವಿದ್ಯಾಲಯಕ್ಕೆ ಇನ್ನೊಂದು ಪರೀಕ್ಷೆ. ಇವೆಲ್ಲ ಸರ್ಕಾರದವೇ. ನಾನೇ ಮೊರಾರ್ಜಿ ಶಾಲೆಗೆ ಆಯ್ಕೆಯಾದೆ, ಆದ್ದರಿಂದಲೇ ಇಂದು ಪದವಿ ಓದುತ್ತಿದ್ದೇನೆ. ಅದನ್ನು ಮುಚ್ಚಿ ಎಂದು ನಾನು ಹೇಳಿದರೆ ಅದು ಕೃತಘ್ನತೆ. ಆದರೂ ಆ ಪರೀಕ್ಷೆಯಲ್ಲಿ ಆಯ್ಕೆಯಾಗದೆ ಹಿಂದೆ ಉಳಿದ ನನ್ನ ತರಗತಿಯ ಹನ್ನೊಂದು ಮಂದಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರು ಇಬ್ಬರು ಎಂಬುದನ್ನು ಮರೆಯಲಾರೆ. ಆರಿಸಿಕೊಳ್ಳುವುದು ತಪ್ಪಾದರೆ ಸರ್ಕಾರ ಆರಿಸಿಕೊಂಡರೂ ತಪ್ಪೇ ಅಲ್ಲವೇ ಗುರುಗಳೇ?

ಓದುಗ, ಭಾಲ್ಕಿ

ತಮ್ಮನ ಮಾತು ನನ್ನನ್ನು ಬಹಳ ಹೊತ್ತು ಸುಮ್ಮನಿರಿಸಿತು.

ಅಧಿಕಾರಿಗಳ ಮತ್ತು ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕೆಂದು ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಆದೇಶ ಮಾಡಿತ್ತಲ್ಲ, ಅದರ ಬಗ್ಗೆ ವಕೀಲರ ಅಭಿಪ್ರಾಯವೇನು? ಮುಖ್ಯಗುರುಗಳ ಮೂರು ಮನೆಗಳ ಸಮಸ್ಯೆಗೆ ಅದು ಉತ್ತರವಾದೀತೇ?

ವಕೀಲ, ಕಲಬುರಗಿ

ಆ ಆದೇಶ ಉತ್ತರ ಪ್ರದೇಶಕ್ಕೆ ಸಂಬಂಧಿಸಿದ್ದು, ಮತ್ತು ಅಲ್ಲಿಯೂ ಅದು ಜಾರಿಗೆ ಬರಲಿಲ್ಲ. ಕಡ್ಡಾಯಕ್ಕಿಂತ ಪ್ರೋತ್ಸಾಹದ ದಾರಿ ಗಟ್ಟಿ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ 7.5 ಶೇಕಡಾ ಒಳಮೀಸಲಾತಿ ತಂದಿತು. ನಮ್ಮಲ್ಲಿ ವೃತ್ತಿಪರ ಕೋರ್ಸುಗಳಿಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇದೆ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ; ಆದರೆ ಸರ್ಕಾರಿ ಶಾಲೆ ಎಂಬ ಕಾರಣಕ್ಕೆ ತಮಿಳುನಾಡಿನಂಥ ಮೀಸಲಾತಿ ಇಲ್ಲ. 371(ಜೆ) ಅಡಿಯಲ್ಲಿ ಕಲಬುರಗಿಯ ಅತ್ಯುತ್ತಮ ಖಾಸಗಿ ಶಾಲೆಯ ವಿದ್ಯಾರ್ಥಿಯೂ ತಾಂಡಾದ ವಿದ್ಯಾರ್ಥಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದನ್ನು ಸರಿಪಡಿಸುವ ಬೇಡಿಕೆಗೆ ತಮಿಳುನಾಡಿನ ಮಾದರಿ ಕಣ್ಣ ಮುಂದಿದೆ.

ಮುಖ್ಯಗುರುಗಳ ಮೊದಲ ಲೆಕ್ಕಕ್ಕೆ ಮರಳುತ್ತೇನೆ. ಅನುಸೂಚಿಯಲ್ಲಿರುವ ಶಿಕ್ಷಕರ ಸಂಖ್ಯೆ ಕನಿಷ್ಠ ಮಾನದಂಡ. ಅದಕ್ಕಿಂತ ಹೆಚ್ಚು ಶಿಕ್ಷಕರನ್ನು ಕೊಡಬಾರದು ಎಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. 58 ಮಕ್ಕಳ ಶಾಲೆಗೆ ಮೂವರು ಶಿಕ್ಷಕರನ್ನು ಉಳಿಸಿಕೊಳ್ಳಲು ಸಂವಿಧಾನ ತಿದ್ದುಪಡಿ ಬೇಕಿಲ್ಲ, ಸರ್ಕಾರದ ಒಂದು ಆದೇಶ ಸಾಕು.

ಇಬ್ಬರು ಮಕ್ಕಳ ತಾಯಿ, ಕಲಬುರಗಿ ನಗರ

ಗುರುಗಳೇ, ನಿಮ್ಮ ಮಗಳ ವಿಷಯವನ್ನು ಮುಚ್ಚಿಡದೆ ಬರೆದಿರಿ, ನನ್ನ ಮನಸ್ಸು ಹಗುರಾಯಿತು. ನಾನು ಊರು ಬಿಟ್ಟ ವರ್ಷ ನಮ್ಮ ಓಣಿಯ ನಾಲ್ಕು ಮನೆಯವರು ನನ್ನ ಹಿಂದೆ ಬಂದರು ಎಂಬುದು ನಿಮ್ಮ ಮಾತು ಓದಿದ ಮೇಲೆ ನೆನಪಾಯಿತು. ಅಲ್ಲಿಯವರೆಗೆ ನಾನು ಅದನ್ನು ಹಾಗೆ ನೋಡಿರಲಿಲ್ಲ.

ವಕೀಲರು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಮಕ್ಕಳ ತಲೆ ಎಣಿಸಿ ಶಿಕ್ಷಕರನ್ನು ಕೊಡುವ ಬದಲು ತರಗತಿಗಳನ್ನು ಎಣಿಸಿ ಕೊಡಬೇಕು. ಐದು ತರಗತಿ ಇದ್ದರೆ ಐವರು. ನನ್ನ ಚಿಕ್ಕ ಮಗನಿಗೆ ಈಗ ಐದು ವರ್ಷ, ನಮ್ಮ ಅತ್ತೆ ಮಾವ ಊರಲ್ಲೇ ಇದ್ದಾರೆ. ಊರ ಶಾಲೆಯಲ್ಲಿ ತರಗತಿಗೊಬ್ಬರು ಶಿಕ್ಷಕರು ಇದ್ದು, ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿದರೆ, ಬಾಡಿಗೆ ಮನೆ ಬಿಟ್ಟು ಊರಿಗೆ ಹೋಗಲು ನಾನು ಸಿದ್ಧಳಿದ್ದೇನೆ. ಆಗ ಯಾವ ಶಾಲೆಯನ್ನೂ ಯಾರೂ ಮುಚ್ಚಿಸಬೇಕಾಗಿಲ್ಲ, ಆ ಟಂಟಂ ತಾನಾಗಿಯೇ ನಮ್ಮ ಓಣಿಗೆ ಬರುವುದನ್ನು ನಿಲ್ಲಿಸುತ್ತದೆ.

ನಿವೃತ್ತ ಮುಖ್ಯಗುರು, ಚಿಂಚೋಳಿ ತಾಲ್ಲೂಕು

ತಂಗಿಯ ಮಾತಿಗೆ ಹಣದ ಪ್ರಶ್ನೆ ಬರುತ್ತದೆ ಎಂದು ಬಲ್ಲೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಿಂದ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಲಾಗುತ್ತಿದೆ. ಆ ಅನುದಾನದಲ್ಲಿ ಕೊಠಡಿಗಳು ಎದ್ದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ನನ್ನ ಹಳೆಯ ಶಾಲೆಗೂ ಎರಡು ಹೊಸ ಕೊಠಡಿಗಳು ಬಂದವು, ಶಿಕ್ಷಕರು ಇಬ್ಬರೇ ಇದ್ದುದರಿಂದ ಒಂದು ಕೊಠಡಿಯಲ್ಲಿ ಅಕ್ಕಿಚೀಲ ಇಟ್ಟೆವು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಹೆಚ್ಚಿನವು ನಮ್ಮ ವಿಭಾಗದವೇ. ಅಲ್ಲಿಂದ ಆರಂಭಿಸಿದರೆ ಸಾಕು.

ಉಳಿದ ಭಿನ್ನಾಭಿಪ್ರಾಯ ಹಾಗೆಯೇ ಇರಲಿ. ಶುಲ್ಕರಹಿತ ಶಾಲೆಯ ಬಗ್ಗೆ ನನ್ನ ನಿಲುವನ್ನು ಬಿಟ್ಟಿಲ್ಲ, ಯಾದಗಿರಿಯ ಹುಡುಗನ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವೂ ಇಲ್ಲ. ಎಲ್ಲರೂ ಒಪ್ಪಿದ್ದನ್ನು ಮಾತ್ರ ಮನವಿಯಾಗಿ ಬರೆದಿದ್ದೇನೆ. ಅವರವರ ಊರಿನ ಎಸ್‌ಡಿಎಂಸಿಯಲ್ಲಿ ಠರಾವು ಮಾಡಿ, ಒಂದು ಪ್ರತಿಯನ್ನು ಬಿಇಒ ಅವರಿಗೂ ಇನ್ನೊಂದನ್ನು ಕಲಬುರಗಿಯ ಅಪರ ಆಯುಕ್ತರ ಕಚೇರಿಗೂ ಕೊಡಬಹುದು.

"ನಮ್ಮ ಊರಿನ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಎಷ್ಟೇ ಇರಲಿ, ತರಗತಿಗೊಬ್ಬ ಕಾಯಂ ಶಿಕ್ಷಕರನ್ನು ನೀಡಬೇಕು. ದಾಖಲಾತಿ ಕಡಿಮೆಯಾದ ಕಾರಣಕ್ಕೆ ಕನಿಷ್ಠ ಐದು ವರ್ಷ ಯಾವ ಹುದ್ದೆಯನ್ನೂ ಹೆಚ್ಚುವರಿ ಎಂದು ತೆಗೆಯಬಾರದು. ಹುದ್ದೆ ಖಾಲಿಯಾದರೆ ಶಾಲೆ ಆರಂಭವಾಗುವ ಮೊದಲೇ ಅತಿಥಿ ಶಿಕ್ಷಕರನ್ನು ನೇಮಿಸಬೇಕು. ಕನ್ನಡ, ಉರ್ದು, ಮರಾಠಿ, ತೆಲುಗು ಮಾಧ್ಯಮದ ಎಲ್ಲ ಶಾಲೆಗಳಿಗೂ ಇದು ಅನ್ವಯಿಸಬೇಕು."

ಪದವಿ ವಿದ್ಯಾರ್ಥಿ, ಯಾದಗಿರಿ ಜಿಲ್ಲೆಯ ಒಂದು ತಾಂಡಾ

ಗುರುಗಳೇ, ಇನ್ನೊಂದು ಸಾಲು ಸೇರಿಸಿ. "ಗುಳೆ ಹೋಗಿ ಮರಳಿದ ಮಕ್ಕಳಿಗೆ ತಪ್ಪಿಹೋದ ಪಾಠವನ್ನು ಮೊದಲಿನಿಂದ ಕಲಿಸಲು ಯುಗಾದಿಯ ನಂತರ ಒಬ್ಬ ಶಿಕ್ಷಕರನ್ನು ಪ್ರತ್ಯೇಕವಾಗಿ ನೀಡಬೇಕು." ನಮ್ಮ ತಾಂಡಾದ ಎಸ್‌ಡಿಎಂಸಿ ಸಭೆ ಸೋಮವಾರ ಇದೆ. ಅಧ್ಯಕ್ಷರಿಗೆ ಓದಲು ಬರುವುದಿಲ್ಲ, ನಾನು ಹೋಗಿ ಓದಿ ಹೇಳುತ್ತೇನೆ.

ನಿವೃತ್ತ ಮುಖ್ಯಗುರು, ಚಿಂಚೋಳಿ ತಾಲ್ಲೂಕು

ಸೇರಿಸಿದ್ದೇನೆ. ಸೋಮವಾರಕ್ಕೆ ನಾನೂ ಬರುತ್ತೇನೆ, ತಾಂಡಾಕ್ಕೆ ಬಸ್ ಎಷ್ಟು ಗಂಟೆಗೆ ಇದೆ ಎಂದು ತಿಳಿಸಿ.